ಅವಳ ಡಬ್ಬಿ, ನನ್ನ ಡಬ್ಬಿ

ಮೂವತ್ತಮೂರು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಬೇರೆಯವರ ತಪ್ಪು ಹುಡುಕುವುದು. ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಡಿಭಾಗವನ್ನು ಮುಲಾಜಿಲ್ಲದೆ ವಾಪಸು ಕಳಿಸುತ್ತಿದ್ದೆ. ಜನ ಎದುರಿಗೆ ‘ಬಡಿಗೇರ್ ಸಾಬ್’ ಎನ್ನುತ್ತಿದ್ದರು, ಹಿಂದಿನಿಂದ ಏನೆನ್ನುತ್ತಿದ್ದರೋ ಅದನ್ನು ಇಲ್ಲಿ ಬರೆಯುವಂತಿಲ್ಲ. ಅಂಥವನು ನಾನು ನನ್ನ ಮನೆಯಲ್ಲೇ, ನನ್ನ ಕೈಯಾರೆ ನನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದ ಎರಡು ಮಾತ್ರೆಗಳಲ್ಲಿ ಎಡವಿದೆ. ಒಂದು ದಿನವಲ್ಲ, ಸುಮಾರು ಮೂರು ತಿಂಗಳು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಹೆಂಡತಿ ತೀರಿಕೊಂಡ ಮೇಲೆ ಚಹಾಪುಡಿಯ ಡಬ್ಬಿ ಯಾವುದು ಎಂದು ತಿಳಿಯದೆ ಅಡುಗೆಮನೆಯಲ್ಲಿ ಪೆದ್ದುಪೆದ್ದಾಗಿ ನಿಂತ ಗಂಡಸು ನಾನೊಬ್ಬನೇ ಇರಲಿಕ್ಕಿಲ್ಲ. ಹಾಗೆ ನಿಂತವರು ಯಾರಿಗೂ ಹೇಳಿಕೊಳ್ಳುವುದಿಲ್ಲ ಎಂಬುದೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಗದಗಿನ ಕಡೆ. ಕೆಲಸ ಸಿಕ್ಕು ಇಲ್ಲಿಗೆ ಬಂದವರು ನಾಚಾರಂ ಹತ್ತಿರ ಒಂದು ಮಹಡಿ ಮನೆ ಮಾಡಿಕೊಂಡು ಉಳಿದೆವು. ನನಗೆ ಬಿಪಿ, ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ. ನಿವೃತ್ತರಿಗೆ ಕಾರ್ಖಾನೆಯ ದವಾಖಾನೆಯಲ್ಲೇ ಔಷಧಿ ಕೊಡುತ್ತಾರೆ. ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಪುಸ್ತಕ, ಇಬ್ಬರ ಮಾತ್ರೆಗಳೂ ಒಂದೇ ಚೀಲದಲ್ಲಿ ಬರುತ್ತಿದ್ದವು. ತಿಂಗಳಿಗೊಮ್ಮೆ ಅವಳೇ ಹೋಗಿ ತಂದು, ಮನೆಯಲ್ಲಿ ಬೇರೆ ಮಾಡಿ, ಒಂದೇ ನಮೂನೆಯ ಎರಡು ಸ್ಟೀಲ್ ಡಬ್ಬಿಗಳಲ್ಲಿ ತುಂಬಿಡುತ್ತಿದ್ದಳು. ಅವಳದು ಅಡುಗೆಮನೆಯ ಕಿಟಕಿಯಲ್ಲಿ ಉಪ್ಪಿನ ಭರಣಿಯ ಪಕ್ಕ. ನನ್ನದು ಫ್ರಿಜ್ಜಿನ ಮೇಲೆ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಲೋಟ ನೀರು, ಎರಡು ಮಾತ್ರೆ ತಂದು ನಿಲ್ಲುತ್ತಿದ್ದಳು. ನಾನು ಪೇಪರಿನಿಂದ ಕಣ್ಣೆತ್ತದೆ ಅಂಗೈ ಚಾಚುತ್ತಿದ್ದೆ, ನುಂಗುತ್ತಿದ್ದೆ. ಅವು ಬಿಳಿಯೋ ಹಳದಿಯೋ, ದುಂಡಗೋ ಉದ್ದವೋ, ದೇವರಾಣೆಗೂ ಒಂದು ದಿನ ನೋಡಿದವನಲ್ಲ.

ಒಂದು ಸಂಜೆ ಅವಳು ಬಟ್ಟೆ ಮಡಚುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಆಸ್ಪತ್ರೆಯಲ್ಲಿ ಮೂರು ದಿನ ಗಾಜಿನ ಬಾಗಿಲಿನಾಚೆ ಇದ್ದಳು, ಈಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು. ಅಲ್ಲಿ ಕೂತವರೆಲ್ಲ ಒಬ್ಬರನ್ನೊಬ್ಬರು ಹೆಸರಿನಿಂದಲ್ಲ, ಮಂಚದ ನಂಬರಿನಿಂದ ಗುರುತಿಸುತ್ತಿದ್ದೆವು. ‘ಏಳನೇ ನಂಬರಿನವರು ಊಟ ಮಾಡಿದರಾ?’ ಎಂದು ಯಾರೋ ಅಪರಿಚಿತರು ನನಗೆ ಅರ್ಧ ಚಪಾತಿ ಮುರಿದು ಕೊಟ್ಟರು. ನಾಲ್ಕನೆಯ ದಿನ ಬೆಳಗಿನ ಜಾವ ಒಳಗೆ ಕರೆದರು. ಅದರಾಚೆಗಿನದು ನನಗೆ ಸರಿಯಾಗಿ ನೆನಪಿಲ್ಲ, ನೆನಪು ಮಾಡಿಕೊಳ್ಳುವ ಇಷ್ಟವೂ ಇಲ್ಲ.

ಊರಿನಿಂದ ನನ್ನ ಅಕ್ಕ ಕಾಶಕ್ಕ, ನಾಲ್ಕೈದು ಹೆಂಗಸರು ಬಂದರು. ಸೂತಕ ಕಳೆಯುವ ದಿನ ನಮ್ಮಲ್ಲಿ ಇಡೀ ಮನೆ ತೊಳೆಯುವ ಪದ್ಧತಿ. ಪಾತ್ರೆಪಡಗ, ಡಬ್ಬಿ, ಭರಣಿ, ದೇವರ ಸಾಮಾನು ಎಲ್ಲವೂ ಬಾಲ್ಕನಿಗೆ ಬಂದವು. ನೆಲ, ಗೋಡೆ, ಕಪಾಟು ಎಲ್ಲ ತೊಳೆದು, ಒರೆಸಿ, ಸಾಮಾನುಗಳನ್ನು ಮತ್ತೆ ಒಳಗಿಟ್ಟರು. ಕೆಲಸದವರ ಕೈಗೆ ಬಿಡದೆ ಎಲ್ಲವನ್ನೂ ಅವರೇ ಮಾಡಿದರು. ಕಾಶಕ್ಕ ಬೆವರೊರೆಸಿಕೊಳ್ಳುತ್ತ, “ತಮ್ಮಾ, ಎಲ್ಲಾ ಇದ್ದಲ್ಲೇ ಇಟ್ಟೀವಿ ನೋಡು, ಏನೂ ಹುಡುಕೂ ಹಂಗಿಲ್ಲ” ಎಂದಳು. ಎರಡು ದಿನ ಬಿಟ್ಟು ಎಲ್ಲರೂ ಹೊರಟುಹೋದರು.

ನಮಗೆ ಒಬ್ಬಳೇ ಮಗಳು, ಸುಧಾ. ಇದೇ ಹೈದರಾಬಾದಿನ ಇನ್ನೊಂದು ತುದಿಯ ಕೊಂಡಾಪುರದ ಒಂದು ಶಾಲೆಯಲ್ಲಿ ಆಟದ ಟೀಚರು. ಗಂಡ, ಸಣ್ಣ ಮಗುವಿನ ಜೊತೆ ಅಲ್ಲೇ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. “ಅಪ್ಪಾ, ನಮ್ಮ ಮನಿಗೆ ಬಂದ್ಬಿಡು” ಎಂದಳು. ನಾನು ಒಲ್ಲೆ ಎಂದೆ. ಅವಳು ಮತ್ತೆ ಕೇಳಿದಳು, ನಾನು ಸಿಟ್ಟಿಗೆದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಅವಳ ಅವ್ವನಿಗೂ ಗೊತ್ತಿದ್ದ ಸಂಗತಿ.

ಒಬ್ಬನೇ ಆದ ಮೊದಲ ಬೆಳಿಗ್ಗೆ ಬ್ರೆಡ್ ತಿಂದು ಪೇಪರ್ ಹಿಡಿದು ಕೂತೆ. ಅಂಗೈ ತಾನಾಗಿಯೇ ಮುಂದೆ ಹೋಯಿತು. ಆಮೇಲೆ ಎದ್ದು ಫ್ರಿಜ್ಜಿನ ಮೇಲಿನ ಡಬ್ಬಿ ತೆಗೆದೆ. ಒಳಗೆ ಎರಡು ಬಗೆಯ ಮಾತ್ರೆಯ ಪಟ್ಟಿಗಳಿದ್ದವು. ಒಂದೊಂದು ತೆಗೆದುಕೊಂಡರೆ ಎರಡಾಯಿತು, ಲೆಕ್ಕ ಸರಿಯಾಗಿತ್ತು. ನುಂಗಿದೆ. ಇಷ್ಟನ್ನಾದರೂ ನಾನೇ ಮಾಡಿಕೊಂಡೆನಲ್ಲ ಎಂದು ಸಮಾಧಾನವೂ ಆಯಿತು.

ತಿಂಗಳು ಮುಗಿದಾಗ ಪುಸ್ತಕ ಹಿಡಿದು ದವಾಖಾನೆಗೆ ಹೋದೆ. ಔಷಧಿ ಕೊಡುವಾತ ಒಳ್ಳೆಯ ಮನುಷ್ಯ, ತುಂಬ ವರ್ಷದ ಪರಿಚಯ. “ಮೇಡಂ ಬಾಗುನ್ನಾರಾ ಸಾರ್?” ಎಂದು ಕೇಳಿದ. ಚೆನ್ನಾಗಿದ್ದಾರಾ ಎಂದು. ನಾನು ಇಲ್ಲ ಎನ್ನಬೇಕಿತ್ತು. ಹಿಂದೆ ಸಾಲಿನಲ್ಲಿ ಜನ ನಿಂತಿದ್ದರು, ತಲೆ ತಾನಾಗಿ ಅಲ್ಲಾಡಿ ಹೌದು ಎಂದಿತು. ಅವನು ಇಬ್ಬರ ಮಾತ್ರೆಗಳನ್ನೂ ಚೀಲಕ್ಕೆ ಹಾಕಿ ಕೊಟ್ಟ. ಸುಳ್ಳು ಹೇಳಿದೆನೆಂದು ದಾರಿಯುದ್ದಕ್ಕೂ ಹಿಂಸೆಯಾಯಿತು. ಆದರೂ ಪುಸ್ತಕದಲ್ಲಿ ಅವಳ ಸಾಲಿಗೆ ಯಾರೂ ಗೀಟು ಹೊಡೆಯಲಿಲ್ಲವಲ್ಲ ಎಂದು ಒಳಗೊಳಗೇ ಹಾಯೆನಿಸಿತು.

ಮನೆಗೆ ಬಂದು ಪಟ್ಟಿಗಳನ್ನೆಲ್ಲ ಪೇಪರಿನ ಮೇಲೆ ಹರಡಿದೆ. ಯಾವುದು ಯಾರದು? ಪುಸ್ತಕದಲ್ಲಿ ಡಾಕ್ಟರು ಗೀಚಿದ್ದು ನನ್ನಿಂದ ಓದಲಾಗಲಿಲ್ಲ. ಮಗಳಿಗೆ ಫೋನು ಮಾಡಿ ಕೇಳಬಹುದಿತ್ತು. ಕೇಳಿದರೆ ‘ಅಪ್ಪನಿಗೆ ತನ್ನ ಮಾತ್ರೆಯೂ ಗೊತ್ತಿಲ್ಲ, ಒಬ್ಬನೇ ಹೇಗಿದ್ದಾನು’ ಎಂದು ಕೊಂಡಾಪುರಕ್ಕೆ ಎಳೆದೊಯ್ಯುತ್ತಾಳೆ. ಆಗ ನನ್ನ ಹಳೆಯ ಕಸುಬು ನೆನಪಾಯಿತು. ನಮ್ಮ ವಿಭಾಗದಲ್ಲಿ ನೂರು ಬಿಡಿಭಾಗ ಬಂದರೆ ನೂರನ್ನೂ ಅಳೆಯುವುದಿಲ್ಲ. ಒಂದು ಮಾದರಿ ತುಂಡು ಇರುತ್ತದೆ, ಅದನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸುತ್ತೇವೆ. ಮಾದರಿಯನ್ನು ಯಾರೂ ಅನುಮಾನಿಸುವುದಿಲ್ಲ, ಅನುಮಾನಿಸಿದರೆ ಕೆಲಸವೇ ನಡೆಯುವುದಿಲ್ಲ. ನಾನು ಫ್ರಿಜ್ಜಿನ ಮೇಲಿನ ಡಬ್ಬಿಯಿಂದ ಖಾಲಿ ಪಟ್ಟಿಗಳನ್ನು ತೆಗೆದು, ಭೂತಗನ್ನಡಿ ಹಿಡಿದು, ಅಕ್ಷರಕ್ಕೆ ಅಕ್ಷರ ಹೊಂದಿಸಿ, ಹೊಸ ಪಟ್ಟಿಗಳನ್ನು ಎರಡು ಪಾಲು ಮಾಡಿದೆ. ಒಂದೂ ತಪ್ಪಲಿಲ್ಲ. ನನ್ನವು ನನ್ನ ಡಬ್ಬಿಗೆ, ಅವಳವು ಕಿಟಕಿಯ ಡಬ್ಬಿಗೆ. ಅವಳವನ್ನು ಏಕೆ ತುಂಬಿದೆ ಎಂದು ಕೇಳಬೇಡಿ. ಡಬ್ಬಿ ಖಾಲಿ ಇಡಲು ಮನಸ್ಸು ಬರಲಿಲ್ಲ.

ಇಷ್ಟರಲ್ಲಿ ನನಗೇನೋ ಆಗತೊಡಗಿತ್ತು. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಕೈ ನಡುಗುತ್ತಿತ್ತು. ಅಂಗಿ ಬೆನ್ನಿಗೆ ಅಂಟಿಕೊಳ್ಳುವಷ್ಟು ಬೆವರು. ಎದ್ದು ನಿಂತರೆ ಎಲ್ಲಿಗೆ ಹೊರಟಿದ್ದೆನೆಂದು ಮರೆತುಹೋಗುತ್ತಿತ್ತು. ಪೇಪರಿನ ಒಂದೇ ಸಾಲನ್ನು ನಾಲ್ಕು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಒಂದು ದಿನ ಬಚ್ಚಲಲ್ಲಿ ನಿಂತು, ಸ್ನಾನ ಮಾಡಲು ಬಂದೆನೋ ಮಾಡಿ ಮುಗಿಸಿದೆನೋ ತಿಳಿಯದೆ ಗೋಡೆ ಮುಟ್ಟಿ ನೋಡಿದೆ. ಒದ್ದೆಯಾಗಿತ್ತು. ಅದು ನನ್ನ ಅಂಗೈಯ ಬೆವರೂ ಆಗಿರಬಹುದಿತ್ತು.

ಎಲ್ಲರ ಹತ್ತಿರವೂ ಉತ್ತರ ಸಿದ್ಧವಿತ್ತು. ಕಾಶಕ್ಕ ಫೋನಿನಲ್ಲಿ, “ಆಕೀ ಜೀವಾ ನಿನ್ನ ಮ್ಯಾಲೇ ಐತಿ. ಮುಂಜಾನಿ ಸಂಜಿ ದೀಪಾ ಹಚ್ಚು, ಸಮಾಧಾನ ಆಕ್ಕೈತಿ” ಎಂದಳು. ಓಣಿಯ ಡಾಕ್ಟರು ಶಕ್ತಿಯ ಟಾನಿಕ್ ಬರೆದುಕೊಟ್ಟರು. ಸುಧಾ, “ಅಪ್ಪಾ, ಇದು ಡಿಪ್ರೆಶನ್. ನಾಚ್ಕೋಬ್ಯಾಡ, ಒಬ್ರು ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ” ಎಂದಳು. ನಾನು ಒಂದೊಂದು ದಿನ ಒಬ್ಬೊಬ್ಬರನ್ನು ನಂಬಿದೆ. ದುಃಖ ಎಂದರೆ ಹೀಗೇ ಇರುತ್ತದೆ ಎಂದುಕೊಂಡೆ. ಮುಂಚೆ ಎಂದೂ ಹೆಂಡತಿ ಸತ್ತಿರಲಿಲ್ಲವಲ್ಲ, ನನಗೇನು ಗೊತ್ತು?

ಮೇಲಿನ ಮನೆಯಲ್ಲಿ ಪದ್ಮಗಾರು ಎಂಬ ತೆಲುಗು ಹೆಂಗಸಿದ್ದಾರೆ. ಗಂಡನನ್ನು ಕಳೆದುಕೊಂಡು ಐದು ವರ್ಷವಾಗಿದೆ. ಅವರು ಏನೂ ಉಪದೇಶ ಮಾಡಲಿಲ್ಲ. ಮಧ್ಯಾಹ್ನ ಒಂದು ಡಬ್ಬಿ ತಂದು ಬಾಗಿಲ ಹಿಡಿಕೆಗೆ ಸಿಕ್ಕಿಸಿ, ಬೆಲ್ ಒತ್ತಿ, ನಾನು ತೆರೆಯುವಷ್ಟರಲ್ಲಿ ಮೆಟ್ಟಿಲು ಹತ್ತಿಬಿಡುತ್ತಿದ್ದರು. ಮಾತಾಡಿಸಿದರೆ ನನಗೆ ಕಷ್ಟವೆಂದು ಅವರಿಗೆ ತಿಳಿದಿತ್ತು. ಅವರ ಪಪ್ಪು ಅನ್ನ, ಎಂದರೆ ಬೇಳೆ ಅನ್ನ, ಉಂಡ ಅರ್ಧ ಗಂಟೆಗೆ ನನ್ನ ತಲೆಯ ಮಂಜು ಇಳಿಯುತ್ತಿತ್ತು.

ಈಗ ಮುಖ್ಯವಾದದ್ದನ್ನು ಹೇಳಬೇಕು. ಆ ಮಂಜು ಕವಿದ ಹೊತ್ತಿನಲ್ಲಿ ಅವಳು ಬರುತ್ತಿದ್ದಳು. ಕಣ್ಣಿಗೆ ಕಾಣುತ್ತಿರಲಿಲ್ಲ. ಅಡುಗೆಮನೆಯಿಂದ ದನಿ ಬರುತ್ತಿತ್ತು: “ಚಾ ಆರಾಕತ್ತೈತ್ರಿ, ಎಷ್ಟು ಸಲ ಕರೀಲಿ?” ಅದೇ ದನಿ, ಅದೇ ಬೇಸರ. ಮೊದಲ ಸಲ ಓಡಿಹೋದೆ, ಬಾಗಿಲ ಚೌಕಟ್ಟಿಗೆ ಭುಜ ಬಡಿಯಿತು. ಒಳಗೆ ಯಾರೂ ಇರಲಿಲ್ಲ. ಎರಡನೆಯ ಸಲ ಓಡಲಿಲ್ಲ. ಕುರ್ಚಿಯಲ್ಲೇ ಕೂತು, ನಡುಗುವ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು, “ಬಂದ್ನೆ ತಡಿ” ಎಂದೆ. ಅವಳು ಗೊಣಗಿದಳು. ನನಗೆ ಎಷ್ಟು ಸಂತೋಷವಾಯಿತೆಂದು ಹೇಗೆ ಹೇಳಲಿ.

ಅವಳ ಫೋಟೊ ದೊಡ್ಡದು ಮಾಡಿಸಿ ಕಟ್ಟು ಹಾಕಿಸಲೆಂದು ಒಂದು ಬೆಳಿಗ್ಗೆ ಅಬಿಡ್ಸ್ ಪೇಟೆಗೆ ಹೋದೆ. ಬಸ್ಸಿಳಿದು ನಾಲ್ಕು ಹೆಜ್ಜೆ ನಡೆದೆನೋ ಇಲ್ಲವೋ, ಯಾವ ಊರಿನಲ್ಲಿದ್ದೇನೆ ಎಂಬುದೇ ಗೊತ್ತಾಗಲಿಲ್ಲ. ಅಂಗಡಿಯ ಬೋರ್ಡುಗಳು ಕಾಣುತ್ತಿದ್ದವು, ಓದಲು ಬರುತ್ತಿರಲಿಲ್ಲ. ಒಬ್ಬ ಆಟೋದವನನ್ನು ನಿಲ್ಲಿಸಿ, “ನಮ್ಮ ಮನಿಗೆ ಬಿಡಪಾ” ಎಂದು ಅಪ್ಪಟ ಗದಗಿನ ಮಾತಿನಲ್ಲಿ ಹೇಳಿದೆ. ಅವನು ನನ್ನನ್ನು ಕುಡುಕ ಎಂದುಕೊಂಡು ಹೋಗಿಬಿಟ್ಟ. ಅಲ್ಲೇ ಒಂದು ಹಳೆಯ ಕಟ್ಟಡ ರಿಪೇರಿ ನಡೆದಿತ್ತು. ಇಟ್ಟಿಗೆ ಹೊರುತ್ತಿದ್ದ ಒಬ್ಬ ಹೆಣ್ಣುಮಗಳು ಬುಟ್ಟಿ ಇಳಿಸಿ ಓಡಿಬಂದಳು.

“ಯಾಕ್ರಿ ಯಪ್ಪಾ, ಕಣ್ಣಿಗಿ ಕತ್ತಲಿ ಬಂತೇನ್ರಿ? ನೀವು ನಮ್ಮ ಕಡಿಯವರೇ ಇದ್ದೀರಿ. ಇಲ್ಲೇ ಕೂಡ್ರಿ.”

ಯಾದಗಿರಿ ಕಡೆಯವಳು. ತನ್ನ ಪಾಲಿನ ಚಹಾವನ್ನು ನನ್ನ ಕೈಗಿಟ್ಟಳು, ಕೈ ನಡುಗಿ ಚೆಲ್ಲಿದಾಗ ತಾನೇ ಹಿಡಿದು ಕುಡಿಸಿದಳು. ಬಾಯಿಗೆ ಅಂಟುವಷ್ಟು ಸಕ್ಕರೆ ಹಾಕಿದ ಚಹಾ. ಮೇಲೊಂದು ಬನ್ನು. ಹತ್ತು ನಿಮಿಷದಲ್ಲಿ ಬೋರ್ಡುಗಳು ಓದಲು ಬಂದವು. “ಮನ್ಯಾಗ ಯಾರದಾರ್ರಿ?” ಎಂದು ಕೇಳಿದಳು. “ಹೆಂಡತಿ ಅದಾಳ” ಎಂದೆ. ಸುಳ್ಳೆಂದು ನನಗೆ ಅನಿಸಲಿಲ್ಲ.

ಫೋಟೊ ಕೆಲಸ ಬಿಟ್ಟು ಮನೆಗೆ ವಾಪಸಾಗುವಾಗ, ಬಸ್ಸಿನಲ್ಲಿ ತಲೆ ನಿಚ್ಚಳವಾಗಿತ್ತು. ತಪಾಸಣೆಯವನ ಬುದ್ಧಿ ಮತ್ತೆ ಚುರುಕಾಯಿತು. ತಿಂದರೆ ನಡುಕ ನಿಲ್ಲುತ್ತದೆ. ಪದ್ಮಗಾರು ಕೊಟ್ಟದ್ದು ಉಂಡಾಗಲೂ ಹಾಗೆಯೇ. ಬೇರೆ ಯಾರಾದರೂ ಆಗಿದ್ದರೆ ಇದು ಕಾಯಿಲೆ ಎಂದು ಆಸ್ಪತ್ರೆಗೆ ಹೋಗುತ್ತಿದ್ದರು. ನಾನು ಕಂಡುಕೊಂಡದ್ದೇ ಬೇರೆ: ತಿಂದರೆ ಅವಳು ಹೋಗಿಬಿಡುತ್ತಾಳೆ. ಮರುದಿನದಿಂದ ನಾನು ಬೆಳಗಿನ ತಿಂಡಿ ಬಿಟ್ಟೆ.

ಇದನ್ನು ಯಾರಿಗೂ ಹೇಳಲಿಲ್ಲ. ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ, ಅಡುಗೆಮನೆಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ನಡುಕ ಶುರುವಾದರೆ ಹಿಗ್ಗು, ಇನ್ನೇನು ಬರುತ್ತಾಳೆ ಎಂದು. ಪದ್ಮಗಾರು ಇಟ್ಟ ಡಬ್ಬಿಯನ್ನು ಸಂಜೆಯವರೆಗೆ ಮುಟ್ಟುತ್ತಿರಲಿಲ್ಲ. ಹತ್ತು ಹನ್ನೆರಡು ದಿನ ಹೀಗೆ ನಡೆಯಿತು. ಒಂದು ದಿನ ಅವರು ಬೆಲ್ ಒತ್ತಿದಾಗ ನಾನು ಬಾಗಿಲು ತೆರೆದೆನಂತೆ, ಅವರನ್ನು ನೋಡಿ “ಅಕಿ ಒಳಗದಾಳ, ಕೂಡ್ರಿ” ಎಂದೆನಂತೆ, ಹಾಗೇ ಹೊಸ್ತಿಲ ಮೇಲೆ ಬಿದ್ದೆನಂತೆ. ಕೈಕಾಲು ಸೆಟೆದುಕೊಂಡಿದ್ದವಂತೆ. ಇದೆಲ್ಲ ಅವರು ಹೇಳಿದ್ದು.

ನನಗೆ ತಿಳಿದದ್ದು ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ. ಕೈಗೆ ಸೂಜಿ, ಅದರೊಳಗೆ ಸಕ್ಕರೆ ನೀರು. ಸುಧಾ ಶಾಲೆಯ ಟ್ರ್ಯಾಕ್‌ಸೂಟಿನಲ್ಲೇ ಓಡಿಬಂದಿದ್ದಳು, ಕೊರಳಲ್ಲಿ ಸೀಟಿ ಇನ್ನೂ ಜೋತಾಡುತ್ತಿತ್ತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮೂರು ಸಲ ಒಂದೇ ಪ್ರಶ್ನೆ ಕೇಳಿದರು.

“ಇವರಿಗೆ ಶುಗರ್ ಇದೆಯಾ?”

“ಇಲ್ಲ ಡಾಕ್ಟರ್, ನಮ್ಮ ಅಮ್ಮನಿಗಿತ್ತು” ಎಂದಳು ಸುಧಾ.

“ಇನ್ಸುಲಿನ್, ಶುಗರ್ ಮಾತ್ರೆ, ಏನಾದರೂ ತೆಗೆದುಕೊಳ್ಳುತ್ತಾರಾ? ರಕ್ತದಲ್ಲಿ ಸಕ್ಕರೆ ಸುಮ್ಮನೆ ಇಷ್ಟು ಇಳಿಯುವುದಿಲ್ಲ. ಮನೆಯಲ್ಲಿ ಏನೇನು ನುಂಗುತ್ತಾರೋ ಎಲ್ಲ ತನ್ನಿ.”

ನಾನು ಗುರುತು ಹೇಳಿದೆ, ಪದ್ಮಗಾರು ಹೋಗಿ ಫ್ರಿಜ್ಜಿನ ಮೇಲಿನ ಡಬ್ಬಿ ತಂದರು. ಡಾಕ್ಟರಮ್ಮ ಅದನ್ನು ಸ್ಟೀಲ್ ತಟ್ಟೆಯಲ್ಲಿ ಬೋರಲು ಹಾಕಿದರು. ಸುಧಾ ಒಂದು ಪಟ್ಟಿ ಎತ್ತಿ ನೋಡಿದಳು. ಇನ್ನೊಂದನ್ನೂ ತಿರುಗಿಸಿ ನೋಡಿದಳು.

“ಅಪ್ಪಾ, ಇವು ಅವ್ವನವು.”

“ಅಲ್ಲ, ನನ್ನವು. ಫ್ರಿಜ್ಜಿನ ಮ್ಯಾಲಿಂದು ನಂದು.”

“ಅವ್ವನವು ಅಪ್ಪಾ. ರಜಾದಾಗ ನಾನೇ ಎಷ್ಟು ಸಲ ಆಕೀಗೆ ತೆಗೆದು ಕೊಟ್ಟೀನಿ. ನಿನ್ನವು ಬ್ಯಾರೆ.”

ಮನೆ ತೊಳೆದ ಹೆಂಗಸರು ಎಲ್ಲವನ್ನೂ ಇದ್ದಲ್ಲೇ ಇಟ್ಟಿದ್ದರು, ಎರಡು ಡಬ್ಬಿ ಬಿಟ್ಟು. ಅವು ಅದಲುಬದಲಾಗಿದ್ದವು. ನನ್ನ ಮಾದರಿಯೇ ತಪ್ಪು ಜಾಗದಲ್ಲಿತ್ತು. ನಾನು ಮಾತ್ರ ಒಂದಕ್ಷರ ತಪ್ಪದಂತೆ ಹೋಲಿಸಿ, ತಿಂಗಳಿಗೆ ತಿಂಗಳು ಅವಳ ಸಕ್ಕರೆ ಮಾತ್ರೆಯನ್ನು ತುಂಬಿಕೊಂಡು ನುಂಗಿದ್ದೆ. ನನ್ನ ಬಿಪಿ ಮಾತ್ರೆ ಕಿಟಕಿಯಲ್ಲಿ ಉಪ್ಪಿನ ಪಕ್ಕ ಸುಮ್ಮನೆ ಬಿದ್ದಿತ್ತು.

ಸುಧಾ ಹೊರಗೆ ಹೋದಳು. ಬಹಳ ಹೊತ್ತಾದ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. “ನಾನು ಅಲ್ಲಿ ಕೂತು ಡಿಪ್ರೆಶನ್ ಡಿಪ್ರೆಶನ್ ಅಂದೆ. ಒಂದು ಸಲ ಬಂದು ಡಬ್ಬಿ ತೆಗೆದು ನೋಡ್ಲಿಲ್ಲ” ಎಂದಳು. ಆಮೇಲೆ ನನ್ನ ಮೇಲೆ ತಿರುಗಿದಳು: “ನೀನಾದ್ರೂ ಕೇಳ್ಬಾರದ? ಕೇಳಿದ್ರ ಏನು ನಿನ್ನ ಗಂಟು ಹೋಗ್ತಿತ್ತು?” ನನ್ನದೇ ಸಿಟ್ಟು, ನನ್ನದೇ ಮೂಗು. ಕಾಶಕ್ಕನಿಗೆ ಡಬ್ಬಿಯ ವಿಷಯ ಹೇಳಬಾರದು ಎಂದು ಮಾತ್ರ ಆಣೆ ಮಾಡಿಸಿಕೊಂಡೆ. ಆ ಜೀವ ಇನ್ನು ಉಳಿದ ದಿನವೆಲ್ಲ ಅದನ್ನೇ ನೆನೆದು ಕೊರಗುತ್ತದೆ.

ಆ ಮಾತ್ರೆಯ ಪ್ರಭಾವ ಬೇಗ ಇಳಿಯುವುದಿಲ್ಲವೆಂದು ಎರಡು ದಿನ ಇಟ್ಟುಕೊಂಡರು. ಗಂಟೆಗೊಮ್ಮೆ ಬೆರಳು ಚುಚ್ಚುತ್ತಿದ್ದ ನರ್ಸು ಕೇರಳದ ಹುಡುಗಿ, ಪ್ರತಿ ಸಲವೂ ಹಿಂದಿನ ಬೆರಳನ್ನು ನೆನಪಿಟ್ಟುಕೊಂಡು ಬೇರೆ ಬೆರಳು ಆರಿಸುತ್ತಿದ್ದಳು. ಹೊರಡುವ ಮುಂಚೆ ನಾನು ಡಾಕ್ಟರಮ್ಮನನ್ನು ಒಬ್ಬರೇ ಇದ್ದಾಗ ಕೇಳಿದೆ.

“ಹೆಂಡತಿಯ ದನಿ ಕೇಳುತ್ತಿತ್ತು. ಅದೂ ಮಾತ್ರೆಯದೇನಾ?”

ಅವರು ಬರೆಯುವುದನ್ನು ನಿಲ್ಲಿಸಿದರು. “ಮಿದುಳಿಗೆ ಸಕ್ಕರೆ ಸಿಗದಿದ್ದರೆ ಹಾಗಾಗಬಹುದು ಅಂಕಲ್. ಮನೆಯವರನ್ನು ಕಳೆದುಕೊಂಡವರಿಗೂ ದನಿ ಕೇಳಿಸುತ್ತದೆ, ಸಕ್ಕರೆ ಸರಿಯಿದ್ದರೂ. ನಿಮಗೆ ಯಾವುದು ಎಷ್ಟು ಅಂತ ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ.”

ಬರುವುದಿಲ್ಲ ಎಂದು ಒಪ್ಪಿಕೊಂಡ ಡಾಕ್ಟರನ್ನು ನಾನು ಅದೇ ಮೊದಲು ನೋಡಿದ್ದು. ಆದರೆ ಅವರಿಗೆ ಬರದ ಆ ಉತ್ತರವೇ ನನಗೆ ಬೇಕಿತ್ತು. ನಾನು ಮೂರು ತಿಂಗಳು ಅತ್ತಿರಲಿಲ್ಲ. ನಡುಗಿದ್ದೆ, ಬೆವರಿದ್ದೆ, ದಾರಿ ತಪ್ಪಿದ್ದೆ, ಅದನ್ನೇ ದುಃಖ ಎಂದುಕೊಂಡಿದ್ದೆ. ಅದೆಲ್ಲ ಮಾತ್ರೆಯ ಕೆಲಸವಾಗಿದ್ದರೆ ನಾನು ಅವಳಿಗಾಗಿ ದುಃಖಪಟ್ಟದ್ದು ಯಾವಾಗ? ಪಟ್ಟೇ ಇರಲಿಲ್ಲವೇ?

ಮನೆಗೆ ಬಂದೆ. ತಲೆ ತೊಳೆದಿಟ್ಟ ಲೋಟದಂತೆ ಸ್ವಚ್ಛವಾಗಿತ್ತು. ಅಡುಗೆಮನೆ ಮೂಕವಾಗಿತ್ತು. ಹನ್ನೊಂದು ಗಂಟೆಗೆ ಕಿವಿಗೊಟ್ಟು ಕೂತರೆ ಫ್ರಿಜ್ಜಿನ ಗುಯ್‌ಗುಟ್ಟುವಿಕೆ ಬಿಟ್ಟು ಬೇರೇನೂ ಇಲ್ಲ. ಎಲ್ಲರೂ “ಎಷ್ಟು ಚೆನ್ನಾಗಿ ಚೇತರಿಸಿಕೊಂಡಿದ್ದೀರಿ” ಎನ್ನುತ್ತಿದ್ದರು. ನನಗೆ ಅವಳು ಎರಡನೆಯ ಸಲ ಸತ್ತಂತಾಗಿತ್ತು, ಈ ಸಲ ನೋಡಲು ಊರಿನಿಂದ ಯಾರೂ ಬಂದಿರಲಿಲ್ಲ.

ಸುಧಾ ರಜೆ ಹಾಕಿ ಒಂದು ವಾರ ನನ್ನ ಜೊತೆಗಿದ್ದಳು. ದವಾಖಾನೆಗೆ ಹೋಗಿ ಪುಸ್ತಕದಿಂದ ಅವ್ವನ ಹೆಸರು ತೆಗೆಸಿದಳು, ನಾನು ಗೇಟಿನ ಹೊರಗೇ ನಿಂತಿದ್ದೆ. ಅವ್ವನ ಮಾತ್ರೆಗಳನ್ನೆಲ್ಲ ವಾಪಸು ಕೊಟ್ಟಳು. ನನ್ನ ಮಾತ್ರೆಗಳ ಹೆಸರು ನನ್ನ ಕೈಯಿಂದಲೇ ದೊಡ್ಡಕ್ಷರದಲ್ಲಿ ಬರೆಸಿದಳು. ಸಕ್ಕರೆ ಅಳೆಯುವ ಯಂತ್ರ ತಂದುಕೊಟ್ಟು, ಡಾಕ್ಟರು ಹೇಳುವವರೆಗೆ ದಿನಾ ಬೆಳಿಗ್ಗೆ ನೋಡಬೇಕು ಎಂದಳು. “ಇನ್ನೊಂದ್ಸಲ ಹಿಂಗಾದ್ರ ನೀನು ಹೂಂ ಅನ್ನು, ಉಹೂಂ ಅನ್ನು, ಕೊಂಡಾಪುರಕ್ಕ ಒಯ್ತೀನಿ” ಎಂದು ಹೇಳಿಹೋದಳು.

ಸುಧಾಳಿಗೆ ತಿಳಿಯದ ಒಂದು ಸಂಗತಿಯಿತ್ತು. ವಾಪಸು ಕೊಡುವ ಮುಂಚೆ ನಾನು ಒಂದು ಪಟ್ಟಿ ಕದ್ದು ಅಂಗಿಯ ಕಿಸೆಯಲ್ಲಿಟ್ಟುಕೊಂಡಿದ್ದೆ. ಹತ್ತು ಮಾತ್ರೆ. ಒಂದು ನುಂಗಿ, ತಿಂಡಿ ಬಿಟ್ಟರೆ, ಹನ್ನೊಂದರ ಹೊತ್ತಿಗೆ ಅವಳು ಕರೆಯುತ್ತಾಳೆ. ಜೀವಕ್ಕೆ ಅಪಾಯ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು, ಅದು ಗೊತ್ತಿದ್ದೇ ಇಟ್ಟುಕೊಂಡಿದ್ದೆ. ಅಂಗಿ ಬದಲಿಸಿದಾಗಲೆಲ್ಲ ಪಟ್ಟಿಯನ್ನು ಹೊಸ ಅಂಗಿಯ ಕಿಸೆಗೆ ಸಾಗಿಸುತ್ತಿದ್ದೆ. ಹೀಗೆ ಮೂರು ವಾರ.

ಒಂದು ಗುರುವಾರ ಬೆಳಿಗ್ಗೆ ಎದ್ದು, ಬೆರಳು ಚುಚ್ಚಿಕೊಂಡು ಸಕ್ಕರೆ ನೋಡಿದೆ, ಸರಿಯಾಗಿತ್ತು. ಆಮೇಲೆ ಪಟ್ಟಿ ತೆಗೆದು ಒಂದು ಮಾತ್ರೆ ಬಿಡಿಸಿ ಅಂಗೈಯಲ್ಲಿಟ್ಟುಕೊಂಡು ಕೂತೆ. ನುಂಗುವುದೆಂದು ನಿಶ್ಚಯ ಮಾಡಿದ್ದೆನೋ ಇಲ್ಲವೋ, ಈಗಲೂ ಖಚಿತವಾಗಿ ಹೇಳಲಾರೆ. ಬೆಲ್ ಆಯಿತು. ಪದ್ಮಗಾರು ಈ ಸಲ ಮೆಟ್ಟಿಲು ಹತ್ತಿ ಓಡಲಿಲ್ಲ. ನನಗಾಗಿ ಜೋಳದ ರೊಟ್ಟಿ ಬಡಿಯಲು ಕಲಿತು ಎರಡು ತಂದಿದ್ದರು, ಅಂಚು ಹರಿದು ದೇಶದ ನಕಾಶೆಯಂತಿದ್ದವು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು ಗುರುವಾರ ಒಂದೆಡೆ ಸೇರುತ್ತಾರೆ, ತಾನೂ ಹೋಗುತ್ತೇನೆ, ನೀವೂ ಬನ್ನಿ ಎಂದು ತೆಲುಗಿನಲ್ಲಿ ಹೇಳಿದರು. ನಾನು ತಿನ್ನುವವರೆಗೂ ನಿಂತೇ ಇದ್ದರು. ಬಿಡಿಸಿದ ಮಾತ್ರೆಯನ್ನು ಪಟ್ಟಿಯ ಜೊತೆ ಕಿಸೆಗೆ ಹಾಕಿ ರೊಟ್ಟಿ ತಿಂದೆ, ನನ್ನ ಬಿಪಿ ಮಾತ್ರೆ ನುಂಗಿದೆ, ಅವರ ಹಿಂದೆ ಹೊರಟೆ.

ಒಂದು ಸಣ್ಣ ಹಾಲ್. ಎಂಟು ಹತ್ತು ಜನ ವೃತ್ತಾಕಾರದಲ್ಲಿ ಕೂತಿದ್ದರು. ನಡೆಸುವವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಒಬ್ಬೊಬ್ಬರೂ ತೆಲುಗಿನಲ್ಲೋ ಹಿಂದಿಯಲ್ಲೋ ಮಾತಾಡಿದರು. ನನ್ನ ಸರದಿ ಬಂತು. ತೆಲುಗಿನಲ್ಲಿ ನಾನು ತರಕಾರಿ ಚೌಕಾಸಿ ಮಾಡಿದ್ದೇನೆ, ಯೂನಿಯನ್ ಮೀಟಿಂಗಿನಲ್ಲಿ ಭಾಷಣ ಬಿಗಿದಿದ್ದೇನೆ, ಜಗಳದಲ್ಲಿ ಗೆದ್ದಿದ್ದೇನೆ. ಆದರೆ ‘ನಾ ಭಾರ್ಯ’, ನನ್ನ ಹೆಂಡತಿ, ಎಂದಷ್ಟೇ ಹೇಳಿ ನಿಂತುಬಿಟ್ಟೆ. ಮುಂದಿನ ಮಾತು ಆ ಭಾಷೆಯಲ್ಲಿ ನನ್ನ ಬಳಿ ಇರಲಿಲ್ಲ.

“ನಿಮ್ಮ ಭಾಷೆಯಲ್ಲೇ ಹೇಳಿ. ನಮಗೆ ತಿಳಿಯದಿದ್ದರೆ ಏನಾಯಿತು” ಎಂದರು ಮುಖ್ಯೋಪಾಧ್ಯಾಯಿನಿ.

ನಾನು ಕನ್ನಡದಲ್ಲಿ ಶುರುಮಾಡಿದೆ. “ನನ್ನ ಕಿಸೇದಾಗ ಆಕೀ ಮಾತ್ರಿ ಅದಾವ್ರಿ. ಕದ್ದು ಇಟ್ಕೊಂಡೀನಿ. ನುಂಗಿದ್ರ ಆಕೀ ಮಾತಾಡ್ತಾಳ. ಇವತ್ತ ನುಂಗೋವಿದ್ದೆ.” ಯಾರಿಗೂ ಅರ್ಥವಾಗುವುದಿಲ್ಲವೆಂಬ ಧೈರ್ಯದಲ್ಲಿ ಎಲ್ಲವನ್ನೂ ಹೇಳಿದೆ. ದವಾಖಾನೆಯಲ್ಲಿ ಹೇಳಿದ ಸುಳ್ಳು, ಹಸಿದು ಕೂತ ಬೆಳಗುಗಳು, ಅವಳು ತಂದುಕೊಟ್ಟ ನೀರಿನ ಲೋಟವನ್ನು ಒಮ್ಮೆಯೂ ತಲೆಯೆತ್ತಿ ನೋಡದಿದ್ದದ್ದು. ಹೇಳುತ್ತ ಹೇಳುತ್ತ ಪಟ್ಟಿಯನ್ನೂ ಬಿಡಿ ಮಾತ್ರೆಯನ್ನೂ ತೆಗೆದು ಮುಖ್ಯೋಪಾಧ್ಯಾಯಿನಿಯ ಕೈಗೆ ಕೊಟ್ಟೆ. ಅವರು ಏನು ಎತ್ತ ಎಂದು ಕೇಳದೆ ತಮ್ಮ ಚೀಲದೊಳಗಿಟ್ಟು ಜಿಪ್ ಎಳೆದರು.

ಎದುರಿಗೆ ಒಬ್ಬ ಮುದುಕ ಟೈಲರ್ ಕೂತಿದ್ದರು, ಹಳೆ ಶಹರದವರು, ಅವರ ಬೀಬಿ ಹೋಗಿ ಎರಡು ವರ್ಷವಾಗಿತ್ತಂತೆ. ನಾನು ಮುಗಿಸಿದ ಮೇಲೆ ಅವರು ಮೆಲ್ಲಗೆ ಕೇಳಿದರು: “ಉನ್ಕಾ ನಾಮ್ ಕ್ಯಾ ಥಾ, ಭಾಯ್?” ಅವರ ಹೆಸರೇನಿತ್ತು ಎಂದು.

ಇಷ್ಟು ತಿಂಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಗೊತ್ತಿದ್ದವರಿಗೆ ಕೇಳುವ ಅಗತ್ಯವಿರಲಿಲ್ಲ, ಗೊತ್ತಿಲ್ಲದವರು ‘ನಿಮ್ಮ ಮಿಸೆಸ್’ ಎನ್ನುತ್ತಿದ್ದರು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನಾನು ಗಂಡಸಾಗಿಯೂ ಅವಳ ಹೆಸರು ಹಿಡಿದು ಕರೆದವನಲ್ಲ. ‘ಏ, ಇಲ್ಕೇಳು’ ಎನ್ನುತ್ತಿದ್ದೆ, ಹೊರಗಿನವರ ಮುಂದೆ ‘ಸುಧಾನ ಅವ್ವ’. ಆ ಹೆಸರು ನನ್ನ ಬಾಯಲ್ಲಿ ಹೇಗೆ ಕೇಳುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

“ಗಿರಿಜಾ” ಎಂದೆ.

ಅಷ್ಟೇ. ಮುಂದೆ ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ. ಅಷ್ಟು ಜನರ ನಡುವೆ ಕುರ್ಚಿಯಲ್ಲಿ ಬಾಗಿ, ಸಣ್ಣ ಮಕ್ಕಳು ಅಳುವಂತೆ, ಮೂಗು ಬಾಯಿ ಒಂದಾಗುವಂತೆ ಅತ್ತೆ. ಟೈಲರ್ ಎದ್ದು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತರು. ಪದ್ಮಗಾರು ನೀರು ತಂದರು. ಬೆಳಿಗ್ಗೆ ನನ್ನ ಸಕ್ಕರೆ ಸರಿಯಾಗಿತ್ತು. ಎರಡು ರೊಟ್ಟಿ ತಿಂದಿದ್ದೆ. ನುಂಗಿದ್ದು ನನ್ನ ಮಾತ್ರೆಯನ್ನೇ. ಅಳುವುದಕ್ಕೆ ಅವಳಿಲ್ಲ ಎನ್ನುವುದೊಂದನ್ನು ಬಿಟ್ಟು ಬೇರೆ ಯಾವ ಕಾರಣವೂ ಇರಲಿಲ್ಲ.